ಮುರಕಲ್ಲಿನ ಪಕ್ಕದಲ್ಲಿ ಹಲಸಿನ ಹಲಗೆ

2017ರಲ್ಲಿ ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ನಮ್ಮ ಹಳೆ ಮನೆಯನ್ನು ಒಂದು ಸಲ ರಿಪೇರಿ ಮಾಡಿಸಿದ್ದೆವು. ಮನೆಯೊಳಗೆ ಎಲ್ಲರೂ ಕೂರುವ ಚಾವಡಿಯ ನೆಲಕ್ಕೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಹೊಳೆಯುವ ಪೇಂಟು, ಟಿವಿ ಕಪಾಟಿಗೆ ಹೊಳೆಯುವ ಲ್ಯಾಮಿನೇಟ್, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ (ಪಿಒಪಿ) ಸೀಲಿಂಗ್. ಆಗ ಎಲ್ಲರಿಗೂ ಇಷ್ಟವಾಗಿತ್ತು. ಆದರೆ ಅಮ್ಮ ಮೆಲ್ಲನೆ ಚಾವಡಿ ಬಿಟ್ಟು ಜಗಲಿಗೆ ಹೋದರು. ಪೇಪರ್ ಓದುವುದು, ತರಕಾರಿ ಹೆಚ್ಚುವುದು, ಮಧ್ಯಾಹ್ನ ಸ್ವಲ್ಪ ಅಡ್ಡಾಗುವುದು, ಎಲ್ಲವೂ ಜಗಲಿಯಲ್ಲೇ. ಮಳೆಗಾಲದಲ್ಲಿ ಎರಚಲು ಬಂದರೆ ಚಾಪೆ ಸ್ವಲ್ಪ ಒಳಗೆ ಎಳೆದುಕೊಂಡು ಅಲ್ಲೇ ಕೂರುತ್ತಿದ್ದರು.

"ಒಳಗೆ ಯಾಕೆ ಕೂರುವುದಿಲ್ಲ ಅಮ್ಮಾ?" ಎಂದು ಒಂದು ದಿನ ಕೇಳಿದೆ.

"ಒಳಗೆ ಕೂತ್ರೆ ಕಣ್ಣು ಕುಕ್ತದೆ ಮಗಾ. ಕಾಲೂ ಜಾರ್ತದೆ."

ಅವತ್ತು ರಾತ್ರಿ ಚಾವಡಿಯ ಮಧ್ಯೆ ನಿಂತು ನೋಡಿದೆ. ಇದ್ದದ್ದು ಒಂದೇ ಟ್ಯೂಬ್‌ಲೈಟು. ಅದರ ಬಿಳಿ ಗೆರೆ ನೆಲದಲ್ಲಿ ಒಂದು, ಗೋಡೆಯಲ್ಲಿ ಒಂದು, ಕಪಾಟಿನ ಬಾಗಿಲಲ್ಲಿ ಎರಡು. ಕಣ್ಣಿಗೆ ಎಲ್ಲಿಯೂ ನಿಲ್ಲಲು ಜಾಗವೇ ಇಲ್ಲ. ಹೊರಗೆ ಬಂದು ಜಗಲಿಯನ್ನು ನೋಡಿದೆ. ಅಲ್ಲಿ ಅಜ್ಜನ ಕಾಲದ ಕೆಂಪು ಗಾರೆ ನೆಲ, ಕೈಯಾಡಿ ಕೈಯಾಡಿ ನಯವಾದ ಮರದ ಕಂಬ, ತೂತು ತೂತಾದ ಕೆಂಪು ಮುರಕಲ್ಲಿನ ಗಿಡ್ಡ ಗೋಡೆ, ಮೇಲೆ ಹಂಚು, ಕೆಳಗೆ ಮುಂಡುಗದ ಚಾಪೆ. ಎಲ್ಲವೂ ಕೆಂಪು, ಕಂದು ಬಣ್ಣದ ಒಂದೇ ಕುಟುಂಬದವು. ಆದರೆ ಮುಟ್ಟಿದರೆ ಒಂದರ ಹಾಗೆ ಇನ್ನೊಂದಿಲ್ಲ. ಅಮ್ಮನಿಗೆ ಹಿತವಾದದ್ದು ಇದೇ ಇರಬೇಕು ಅಂತ ಆಗ ಅನ್ನಿಸಿತು. ಚಾವಡಿಯನ್ನು ಮತ್ತೆ ಮಾಡಿಸಬೇಕು ಎಂದು ನಿರ್ಧಾರ ಮಾಡಿದ್ದು ಆ ರಾತ್ರಿ. ಕೈಗೂಡಿದ್ದು ಮಾತ್ರ 2023ರ ಡಿಸೆಂಬರಿನಲ್ಲಿ.

ಕೆಲಸಕ್ಕೆ ಮೊದಲು ಅಮ್ಮನನ್ನು ಕರೆದುಕೊಂಡು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿದ್ದೆ. ಬೀಳುವುದಕ್ಕಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ವಿಜಯನಾಥ ಶೆಣೈಯವರು ಅಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಕುಂಜೂರಿನ ಚೌಕಿ ಮನೆ, ಹರ್ಕೂರಿನ ಮನೆ, ಮಿಯಾರಿನ ಮನೆ ಎಲ್ಲ ಅಲ್ಲಿವೆ. ನನ್ನ ಕಣ್ಣು ಹೋದದ್ದು ಕೆತ್ತನೆಗಿಂತ ಅದರ ಪಕ್ಕದ ಖಾಲಿ ಜಾಗಕ್ಕೆ. ಬಳ್ಳಿ, ಹೂವು ಕೆತ್ತಿದ ಮರದ ಪಕ್ಕದಲ್ಲಿ ಸುಮ್ನೆ ಒಂದು ಬಿಳಿ ಗೋಡೆ. ಆ ಗೋಡೆ ಇಲ್ಲದಿದ್ದರೆ ಅಷ್ಟು ಕೆಲಸ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಒರಟು ಕಾಣಬೇಕಾದರೆ ಪಕ್ಕದಲ್ಲಿ ನಯ ಬೇಕು, ನಯ ತಿಳಿಯಬೇಕಾದರೆ ಪಕ್ಕದಲ್ಲಿ ಒರಟು ಬೇಕು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಮೇಸ್ತ್ರಿಗಳು ಮೊದಲು ಮುಟ್ಟಿದ್ದು ಚಾವಡಿಯ ಪಶ್ಚಿಮದ ಗೋಡೆಯನ್ನು. ಸಿಮೆಂಟ್ ಸಾರಣೆ ಕೆತ್ತಿದಾಗ ಒಳಗಿನಿಂದ ಮುರಕಲ್ಲು ಹೊರಬಂತು. ನಮ್ಮ ಕಡೆ ಈ ಕಲ್ಲು ಎಲ್ಲರಿಗೂ ಗೊತ್ತು. ನೆಲದೊಳಗೆ ಇರುವಾಗ ಮೆತ್ತಗೆ, ಕತ್ತರಿಸಿ ಹೊರಗಿಟ್ಟರೆ ಗಾಳಿಗೆ ಗಟ್ಟಿಯಾಗುತ್ತದೆ. ಇಟ್ಟಿಗೆಯ ಹಾಗೆ ಕತ್ತರಿಸಿ ಕಟ್ಟುತ್ತಾರೆ ಎಂಬ ಕಾರಣಕ್ಕೇ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಲ್ಯಾಟರ್ ಎಂದರೆ ಇಟ್ಟಿಗೆ. ನಮ್ಮ ಗೋಡೆಯ ಒಂದೊಂದು ಕಲ್ಲಿನಲ್ಲಿ ನೂರಾರು ತೂತು, ಹಳದಿ, ಕೆಂಪು, ನೇರಳೆಯ ಗೆರೆಗಳು. ಇಷ್ಟು ವರ್ಷ ಇದನ್ನು ಮುಚ್ಚಿಟ್ಟಿದ್ದೆವಲ್ಲ ಎಂದು ನಿಜಕ್ಕೂ ಬೇಸರವಾಯಿತು.

ಬೆಂಗಳೂರಿನಲ್ಲಿರುವ ತಮ್ಮ ಫೋಟೊ ನೋಡಿ, "ಅಕ್ಕಾ, ನಾಲ್ಕೂ ಗೋಡೆ ಹೀಗೇ ಮಾಡುವ" ಅಂದ. ನನಗೂ ಆಸೆಯಾಯಿತು. ಬೇಡ ಎಂದದ್ದು ಮೇಸ್ತ್ರಿಗಳು. "ಅಕ್ಕಾ, ಈ ಕಲ್ಲು ಬೆಳಕನ್ನು ಕುಡೀತದೆ. ನಾಲ್ಕೂ ಕಡೆ ಬಿಟ್ರೆ ಆಟಿ ತಿಂಗಳ ಮಳೆ ಮೋಡದಲ್ಲಿ ಹಗಲೇ ಲೈಟ್ ಹಾಕ್ಬೇಕಾಗ್ತದೆ." ಸುಮ್ಮನೆ ಹೇಳಿದ್ದಲ್ಲ. ಪಕ್ಕದ ಗೋಡೆಯ ಮೂಲೆಯಲ್ಲಿ ಮೂರಡಿ ಕೆತ್ತಿ, ಸಂಜೆ ಐದಕ್ಕೆ ಬಂದು ನೋಡಿ ಎಂದರು. ಹೋಗಿ ನೋಡಿದರೆ ಆ ಮೂಲೆ ಗುಹೆಯ ಹಾಗಿತ್ತು. ಹಾಗಾಗಿ 14 ಅಡಿಯ ಒಂದು ಗೋಡೆ ಮಾತ್ರ ಕಲ್ಲು. ಉಳಿದ ಮೂರಕ್ಕೆ ಸುಣ್ಣದ ಗಾರೆ, ನಯವಾಗಿ ತೀಡಿದ್ದು, ಹೊಳಪಿಲ್ಲದ ಹಾಲಿನ ಕೆನೆಯ ಬಿಳಿ. ಹಿಂದೆ ನಮ್ಮಲ್ಲಿ ಹೊಳೆಯ ಮರುವಾಯಿ ಚಿಪ್ಪು ಸುಟ್ಟು ಇಂಥ ಸುಣ್ಣ ಮಾಡುತ್ತಿದ್ದರು. ಸುಣ್ಣದ ಬಿಳಿಗೂ ಪೇಂಟಿನ ಬಿಳಿಗೂ ಬಹಳ ವ್ಯತ್ಯಾಸ ಉಂಟು. ಸುಣ್ಣ ಬೆಳಕನ್ನು ಹರಡಿ ಬಿಡುತ್ತದೆ, ಕಣ್ಣಿಗೆ ವಾಪಸ್ ಎಸೆಯುವುದಿಲ್ಲ.

ಇನ್ನು ಮಾಡು, ಅಂದರೆ ಮನೆಯ ಛಾವಣಿ. ಪಿಒಪಿ ತೆಗೆಸಿದಾಗ ಓರೆಯ ತೊಲೆಗಳಾದ ಪಕ್ಕಾಸು, ಅವುಗಳ ಮೇಲಿನ ಅಡ್ಡ ಪಟ್ಟಿಗಳಾದ ರೀಪು, ಹಂಚು ಎಲ್ಲ ಮತ್ತೆ ಕಂಡವು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯ ಮನೆಗಳ ತಲೆಗೆ ಬಂದ ಹಂಚು ಅದು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣಿನದು. ಒಡೆದದ್ದನ್ನು ಬದಲಿಸಿ, ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಸಿದೆವು. ಗೇರುಬೀಜದ ಸಿಪ್ಪೆಯ ಎಣ್ಣೆ ಅದು, ಗೆದ್ದಲು ಹತ್ತಿರ ಬರುವುದಿಲ್ಲ. ಮರಕ್ಕೆ ಕಪ್ಪು ಕಂದು ಬಣ್ಣ ಕೊಡುತ್ತದೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು.

ಮಾಡು ಬಿಚ್ಚಿದ್ದ ಹೊತ್ತಿನಲ್ಲೇ ನನಗೆ ಈ ಇಡೀ ಕೆಲಸದ ಅತಿ ದೊಡ್ಡ ಪಾಠ ಸಿಕ್ಕಿತು. ಮುರಕಲ್ಲಿನ ಗೋಡೆ ಹಗಲಲ್ಲಿ ಚಂದ ಕಾಣುತ್ತಿತ್ತು, ರಾತ್ರಿ ಎದುರಿನ ಟ್ಯೂಬ್‌ಲೈಟ್ ಹಾಕಿದರೆ ಸಪ್ಪೆ. ತೂತುಗಳೆಲ್ಲ ಮಾಯ, ಬರೇ ಕೆಂಪು ಪೇಂಟ್ ಹೊಡೆದ ಹಾಗೆ. ಯಾಕೆ ಹೀಗೆ ಎಂದು ಎರಡು ದಿನ ತಲೆಕೆಡಿಸಿಕೊಂಡೆ. ಒಂದು ಮಧ್ಯಾಹ್ನ ಗೋಡೆಯ ಹತ್ತಿರ ಎರಡು ಹಂಚು ತೆಗೆದಿಟ್ಟಿದ್ದರು. ಮೇಲಿನಿಂದ ಬಿದ್ದ ಬಿಸಿಲು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತಿತ್ತು. ಒಂದೊಂದು ತೂತಿನ ಕೆಳಗೂ ಒಂದೊಂದು ನೆರಳು! ಬೆಳಕು ಎದುರಿನಿಂದ ಬಂದರೆ ನೆರಳು ಬೀಳುವುದಿಲ್ಲ, ನೆರಳಿಲ್ಲದೆ ಒರಟು ಕಾಣುವುದಿಲ್ಲ. ಬದಿಯಿಂದ, ಓರೆಯಾಗಿ ಬರಬೇಕು. ಮೇಸ್ತ್ರಿಗಳಿಗೆ ಹೇಳಿ ಅಲ್ಲೇ, ಗೋಡೆಯಿಂದ ಒಂದಡಿ ದೂರದಲ್ಲಿ, ಸಾಲಾಗಿ ಐದು ಗಾಜಿನ ಹಂಚು ಹಾಕಿಸಿದೆ. ರಾತ್ರಿಗೆಂದು ಅದೇ ಸಾಲಿನಲ್ಲಿ, ಪಕ್ಕಾಸಿನ ಹಿಂದೆ ಅಡಗಿಸಿ, ಹಳದಿ ಬಣ್ಣದ ಸಣ್ಣ ಎಲ್‌ಇಡಿ ಪಟ್ಟಿ. ಟ್ಯೂಬ್‌ಲೈಟ್ ತೆಗೆಸಿದೆ. ಸುಣ್ಣದ ಗೋಡೆಗಳ ಹತ್ತಿರ ಮಾತ್ರ ಓರೆ ಬೆಳಕು ಬೇಡ. ಅಲ್ಲಿ ಕರಣೆಯ ಒಂದೊಂದು ಗೆರೆ, ಉಬ್ಬು, ತಗ್ಗು ಎಲ್ಲ ಎದ್ದು ಕಾಣುತ್ತದೆ.

ನೆಲದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಅಮ್ಮನದೇ ಮಾತು. ಜಗಲಿಯ ಹಾಗೆ ಕೆಂಪು ಗಾರೆ ನೆಲ ಬೇಕು ಎಂದರು. ಈ ರೆಡ್ ಆಕ್ಸೈಡ್ ನೆಲ ಹಾಕುವ ಕೈಗಳು ಈಗ ಕಡಿಮೆ. ಶಿರ್ವದ ಕಡೆಯಿಂದ ಎಪ್ಪತ್ತು ದಾಟಿದ ಒಬ್ಬರು ಮೇಸ್ತ್ರಿ ಸಿಕ್ಕಿದರು. ಬಂದವರು ಮೊದಲು ಮಾಡಿದ್ದು ಕಿಟಕಿ, ಬಾಗಿಲು ಮುಚ್ಚಿಸಿದ್ದು. ಗಾಳಿ ಆಡಿದರೆ ಮೇಲ್ಪದರ ಬೇಗ ಒಣಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದಂತೆ. ಇಡೀ ಚಾವಡಿಗೆ ಬೇಕಾದ ಸಿಮೆಂಟು, ಕೆಂಪು ಪುಡಿ ಎರಡನ್ನೂ ಒಣದಾಗಿಯೇ ಒಟ್ಟಿಗೆ ಜರಡಿ ಹಿಡಿದು, ಕಲಸಿ, ಚೀಲದಲ್ಲಿ ತುಂಬಿಟ್ಟರು. ನಾಳೆ ಬೇರೆ ಕಲಸಿದರೆ ಬಣ್ಣ ಬೇರೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ. ಕೆಳಗಿನ ಗಾರೆ ಇನ್ನೂ ಹಸಿ ಇರುವಾಗಲೇ ಮೇಲೆ ಬಣ್ಣದ ಪದರ. ಆಮೇಲೆ ಕರಣೆ ಹಿಡಿದು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತೀಡಿದ್ದೇ ತೀಡಿದ್ದು. ಬೆಳಿಗ್ಗೆ ಆರಕ್ಕೆ ಶುರು ಮಾಡಿದವರು ಸಂಜೆ ಕತ್ತಲಾಗುವವರೆಗೆ ಬಿಡಲಿಲ್ಲ. ಅವರ ಕರಣೆಯ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಮೊದಮೊದಲು ಕರಕರ, ಸಂಜೆಯ ಹೊತ್ತಿಗೆ ಬರೇ ಸರ್ ಸರ್. ಮರುದಿನದಿಂದ ಒಂದು ವಾರ ನೀರು ಕಟ್ಟಿ ನಿಲ್ಲಿಸಿದೆವು. ಒಣಗಿದ ಮೇಲೆ ತೆಂಗಿನೆಣ್ಣೆಯ ಬಟ್ಟೆಯಿಂದ ಒರೆಸಿದೆವು.

ಈ ನೆಲಕ್ಕೂ ಹೊಳಪು ಉಂಟು. ಆದರೆ ಟೈಲ್ಸಿನ ಹೊಳಪಿನಂಥದ್ದಲ್ಲ. ಕಿಟಕಿಯ ಬೆಳಕು ಅದರಲ್ಲಿ ಬೀಳುತ್ತದೆ, ಕಿಟಕಿಯ ಸರಳು ಕಾಣುವುದಿಲ್ಲ. ಮುರಕಲ್ಲಿನ ಒರಟು ಗೋಡೆ ಬಂದು ಈ ನೆಲಕ್ಕೆ ಇಳಿಯುವ ಜಾಗವನ್ನು ಎಷ್ಟು ನೋಡಿದರೂ ನನಗೆ ಸಾಲುವುದಿಲ್ಲ. ಎರಡೂ ಕೆಂಪೇ. ಬಣ್ಣ ಒಂದೇ ಆದ ಕಾರಣ ವ್ಯತ್ಯಾಸ ಪೂರ್ತಿಯಾಗಿ ಮೈಯಲ್ಲೇ ಕಾಣುತ್ತದೆ. ಬಣ್ಣವೂ ಬೇರೆ, ಮೈಯೂ ಬೇರೆ ಆಗಿದ್ದರೆ ಗದ್ದಲ ಆಗುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಗೋಡೆಯ ಬುಡದಲ್ಲಿ ಒಂದು ಕಷ್ಟ ಇತ್ತು. ಮುರಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಚರ್ಮ ತರಚುತ್ತದೆ, ಸೀರೆಯ ನೂಲು ಸಿಕ್ಕಿಕೊಳ್ಳುತ್ತದೆ. ಅಮ್ಮನ ಮೊಣಕೈಗೆ ಮೊದಲ ವಾರವೇ ಗೀರಾಯಿತು. ಆಗಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡೆ. ಕೈ, ಕಾಲು, ಬೆನ್ನು ತಾಗುವಲ್ಲೆಲ್ಲ ನಯ ಇರಬೇಕು. ಕಣ್ಣು ಮಾತ್ರ ಹೋಗುವಲ್ಲಿ ಎಷ್ಟು ಒರಟಾದರೂ ಆಗಬಹುದು. ಹಾಗಾಗಿ ಗೋಡೆಯ ಉದ್ದಕ್ಕೂ ಹಲಸಿನ ಮರದ ಬೆಂಚು, ಅದಕ್ಕೆ ಕೂತವರ ಭುಜದ ಎತ್ತರಕ್ಕೆ ಹಲಸಿನದೇ ಒರಗುಹಲಗೆ. ಅದರ ಮೇಲಿನಿಂದ ಕಲ್ಲು.

ಮರದ ಕೆಲಸದ ಆಚಾರ್ರು ಹಲಗೆಗೂ ಕಲ್ಲಿಗೂ ನಡುವೆ ಅರ್ಧ ಇಂಚು ಜಾಗ ಬಿಟ್ಟಾಗ ನನಗೆ ಸರಿ ಕಾಣಲಿಲ್ಲ. "ಆಚಾರ್ರೇ, ಇದನ್ನು ಗೋಡೆಗೆ ತಾಗಿಸಿಯೇ ಕೂರಿಸಲಿಕ್ಕೆ ಆಗುವುದಿಲ್ವಾ?" ಎಂದೆ.

"ಮಳೆಗಾಲದಲ್ಲಿ ಮರ ಅಗಲ ಆಗ್ತದೆ ಅಕ್ಕ. ಜಾಗ ಕೊಡದಿದ್ರೆ ಅದೇ ಮಾಡಿಕೊಳ್ತದೆ, ಹಲಗೆ ಬಿರಿದು. ಮತ್ತೆ ಕಲ್ಲಿನ ಅಂಚು ಸೊಟ್ಟ, ಹಲಗೆಯ ಅಂಚು ನೇರ. ತಾಗಿಸಿದ್ರೆ ಸೊಟ್ಟ ಎದ್ದು ಕಾಣ್ತದೆ. ನಡುವೆ ಒಂದು ಕಪ್ಪು ಗೆರೆ ಬಿದ್ರೆ ಎರಡೂ ಚಂದ."

ಅವರು ಹೇಳಿದ ಹಾಗೇ ಆಯಿತು. ಆ ಅರ್ಧ ಇಂಚಿನ ನೆರಳಿನ ಗೆರೆ ಈಗ ಚಾವಡಿಯಲ್ಲಿ ನನಗೆ ತುಂಬ ಇಷ್ಟದ ಜಾಗ. ಎರಡು ಬೇರೆ ಬೇರೆ ವಸ್ತು ಸೇರುವಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆಯೇ ಕೆಲಸದ ಅಂದ ನಿಂತಿರುತ್ತದೆ ಎಂದು ಅವರಿಂದ ಕಲಿತೆ. ಚಾವಡಿಯ ಕೆಂಪು ನೆಲ ಮುಗಿದು ಅಡುಗೆ ಮನೆಯ ಕಪ್ಪು ಕಲ್ಲು ಶುರುವಾಗುವಲ್ಲಿ ಒಂದು ತೆಳ್ಳಗಿನ ಹಿತ್ತಾಳೆ ಪಟ್ಟಿ ಕೂರಿಸಿದ್ದೂ ಇದೇ ಕಾರಣಕ್ಕೆ. ಗಾರೆಯ ಅಂಚು ಒಡೆಯದಂತೆ ಅದು ಕಾಯುತ್ತದೆ, ಕಣ್ಣಿಗೂ ಇಲ್ಲಿಂದ ಆಚೆ ಬೇರೆ ಎಂದು ಹೇಳುತ್ತದೆ.

ಹಲಸಿನ ಮರಕ್ಕೆ ಮೆಲಮೈನ್ ಪಾಲಿಶ್ ಹೊಡೆಯೋಣ ಎಂದು ಪಾಲಿಶ್‌ನವರು ಹೇಳಿದರು. ಎರಡು ತುಂಡು ಹಲಗೆ ತೆಗೆದುಕೊಂಡು, ಒಂದಕ್ಕೆ ಮೆಲಮೈನ್, ಇನ್ನೊಂದಕ್ಕೆ ಬರೇ ಎಣ್ಣೆ, ಮೇಣ ಉಜ್ಜಿಸಿದೆ. ಎರಡನ್ನೂ ಅಮ್ಮನ ಕೈಗೆ ಕೊಟ್ಟು ಕಣ್ಣು ಮುಚ್ಚಿ ಮುಟ್ಟಲು ಹೇಳಿದೆ. ಮೊದಲನೆಯದನ್ನು ಮುಟ್ಟಿ "ಇದು ಪ್ಲಾಸ್ಟಿಕ್ಕಾ?" ಎಂದರು. ಎರಡನೆಯದರ ಮೇಲೆ ಕೈ ಹಾಗೇ ನಿಂತಿತು. ಎಣ್ಣೆಯದನ್ನೇ ಮಾಡಿಸಿದೆವು. ವರ್ಷಕ್ಕೊಮ್ಮೆ ಮತ್ತೆ ಉಜ್ಜಬೇಕು, ಅಷ್ಟೇ. ಹೊಸದರಲ್ಲಿ ಅರಿಶಿನದಷ್ಟು ಹಳದಿ ಇದ್ದ ಹಲಗೆ ಈಗ ಜೇನಿನ ಬಣ್ಣಕ್ಕೆ ಬಂದಿದೆ.

ಎಲ್ಲ ಸರಿಯಾಗಿಯೇ ಆಯಿತು ಅಂತಲ್ಲ. ಮುರಕಲ್ಲಿನಿಂದ ಸಣ್ಣ ಪುಡಿ ಉದುರುತ್ತಿತ್ತು. ಏನಾದರೂ ಬಳಿಯಬೇಕು ಎಂದು ಒಂದು ಅಂಗಡಿಯಲ್ಲಿ ಕೇಳಿದೆ. ಕಲ್ಲಿಗೆ ಬಳಿಯುವ ಒಂದು ಕೋಟಿಂಗ್ ಕೊಟ್ಟು, ಇದು ಬಳಿದರೆ ಕಲ್ಲು ಈಗಷ್ಟೇ ಮಳೆಯಲ್ಲಿ ನೆಂದ ಹಾಗೆ ಕಾಣುತ್ತದೆ, ಪುಡಿಯೂ ಉದುರುವುದಿಲ್ಲ ಎಂದರು. ಫೆಬ್ರವರಿಯಲ್ಲಿ ಅರ್ಧ ಗೋಡೆಗೆ ಬಳಿಸಿದೆ. ಹಣ ಸಾಲದೆ ಉಳಿದರ್ಧ ನಿಲ್ಲಿಸಿದ್ದು ಪುಣ್ಯ. ನಮ್ಮ ಕಡೆ ವರ್ಷಕ್ಕೆ ಹತ್ತಿರ ಹತ್ತಿರ 4 ಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗೋಡೆಯ ಆಚೆ ಬದಿಯಿಂದ, ಅಡಿಪಾಯದಿಂದ ಕಲ್ಲು ನೀರು ಕುಡಿಯಿತು. ಈಚೆ ಬದಿಯಲ್ಲಿ ಹೊರಬರಲು ದಾರಿಯಿಲ್ಲ, ಪ್ಲಾಸ್ಟಿಕ್ಕಿನಂಥ ಪದರ ಅಡ್ಡ ಕೂತಿದೆ. ಜುಲೈಯಲ್ಲಿ ಬೊಕ್ಕೆಯ ಹಾಗೆ ಉಬ್ಬಿತು. ಒಡೆದರೆ ಒಳಗೆ ಬಿಳಿ ಉಪ್ಪು. ಬಳಿಯದ ಅರ್ಧ ಗೋಡೆ ತಣ್ಣಗೆ, ಸ್ವಲ್ಪ ಒದ್ದೆಯಾಗಿ, ಮತ್ತೆ ಒಣಗಿ, ಏನೂ ಆಗದೆ ಇತ್ತು.

ನಾನು ಅತ್ತದ್ದು ನಿಜ. ದುಡ್ಡಿಗಿಂತ ಜಾಸ್ತಿ, ಆ ಕಲ್ಲಿಗೆ ನಾನೇ ಹಾಗೆ ಮಾಡಿದೆನಲ್ಲ ಎಂದು. ಅಕ್ಟೋಬರಿನಲ್ಲಿ ನೆಲಕ್ಕೆಲ್ಲ ಗೋಣಿ, ರಟ್ಟು ಹಾಸಿ, ಆ ಪದರವನ್ನು ಪೇಂಟ್ ರಿಮೂವರ್ ಮತ್ತು ತಂತಿ ಬ್ರಷ್ಷಿನಿಂದ ತೆಗೆಸಿದೆ. ಹನ್ನೊಂದು ದಿನ ಹಿಡಿಯಿತು. ಕಲ್ಲುಗಳ ನಡುವಿನ ಸಂದುಗಳಿಗೆ ಸಿಮೆಂಟ್ ಬದಲು ಸುಣ್ಣ ತುಂಬಿಸಿದೆ. ಪೂರ್ತಿ ಒಣಗಿದ ಮೇಲೆ ಡಿಸೆಂಬರಿನಲ್ಲಿ ಸಿಲೇನ್-ಸಿಲೋಕ್ಸೇನ್ ಎಂಬ ದ್ರಾವಣ ಬಳಿಸಿದೆ. ಅದು ಕಲ್ಲಿನ ಒಳಗೆ ಇಳಿದು ಹೋಗುತ್ತದೆ, ಮೇಲೆ ಪದರ ಕಟ್ಟುವುದಿಲ್ಲ. ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಆವಿಯನ್ನು ಬಿಡುತ್ತದೆ. ಹೊಳಪು ಸ್ವಲ್ಪವೂ ಇಲ್ಲ. ಕಲ್ಲು ಕಲ್ಲಿನ ಹಾಗೇ ಇದೆ. ಬಲಗಡೆಯ ಕೆಲವು ಕಲ್ಲುಗಳಲ್ಲಿ ಬ್ರಷ್ಷಿನ ಗೆರೆ ಉಳಿದಿದೆ, ಓರೆ ಬೆಳಕಿಗೆ ಕಾಣುತ್ತದೆ. ಕರಾವಳಿಯಲ್ಲಿ ಮುರಕಲ್ಲು ಬಿಡಿಸುವವರು ಯಾರೇ ಇರಲಿ, ಒಂದು ಮಳೆಗಾಲ ಏನೂ ಬಳಿಯದೆ ಹಾಗೇ ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಅಡುಗೆ ಮನೆಯಲ್ಲಿ ಹೆಚ್ಚು ಬದಲಾವಣೆ ಮಾಡಲಿಲ್ಲ. ಕಟ್ಟೆಗೆ ಕಪ್ಪು ಗ್ರಾನೈಟಿನ ಲೆದರ್ ಫಿನಿಶ್, ಅಂದರೆ ಚರ್ಮದ ಹಾಗೆ ಸ್ವಲ್ಪ ತರಿಯಾದ ಮೈಯದ್ದು ಹಾಕಿಸಿದೆ. ಕೈಯ ಗುರುತು, ನೀರಿನ ಕಲೆ ಕಾಣುವುದಿಲ್ಲ. ಆದರೆ ಹಿಟ್ಟು ನಾದಿದರೆ ಅದರ ಸಣ್ಣ ತಗ್ಗುಗಳಲ್ಲಿ ಕೂರುತ್ತದೆ. ಕಿಟಕಿಯ ಹತ್ತಿರದ ಎರಡೂವರೆ ಅಡಿಯನ್ನು ಮಾತ್ರ ಪೂರ್ತಿ ಪಾಲಿಶ್ ಮಾಡಿಸಿದೆ. ಅದೇ ಕಲ್ಲು, ಎರಡು ಮೈ. ಮನೆಗೆ ಬಂದವರು ಎರಡು ಬೇರೆ ಕಲ್ಲು ಎಂದುಕೊಳ್ಳುತ್ತಾರೆ. ಕಪಾಟಿಗೆ ಕಡು ಬಣ್ಣದ ಮ್ಯಾಟ್ ಲ್ಯಾಮಿನೇಟ್ ಬೇಡ, ತೆಂಗಿನೆಣ್ಣೆಯ ಕೈಯಲ್ಲಿ ಮುಟ್ಟಿದ ಪ್ರತಿ ಬೆರಳೂ ಅದರಲ್ಲಿ ಕಾಣುತ್ತದೆ. ತಿಳಿ ಬಣ್ಣದ್ದಾದರೆ ಅಡ್ಡಿಯಿಲ್ಲ.

ಕೊನೆಗೆ ಬಟ್ಟೆ. ಕಲ್ಲು, ಗಾರೆ, ಮರ, ಹಂಚು ಎಲ್ಲ ಗಟ್ಟಿ. ಮಾತಾಡಿದರೆ ಚಾವಡಿಯಲ್ಲಿ ಸದ್ದು ಮೊಳಗುತ್ತಿತ್ತು. ಮೊದಲು ಬೆಂಚಿಗೆ ವೆಲ್ವೆಟ್ ದಿಂಬು ತಂದೆ. ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದು ಮುಗಿಯಿತು. ದಟ್ಟ ನೂಲಿನ ಬಟ್ಟೆ ನಮ್ಮ ಹವೆಯಲ್ಲಿ ಒಣಗುವುದೇ ಇಲ್ಲ. ಅಮ್ಮ ಪೆಟ್ಟಿಗೆಯಿಂದ ತಮ್ಮ ಹಳೆ ಉಡುಪಿ ಕೈಮಗ್ಗದ ಸೀರೆಗಳನ್ನು ತೆಗೆದುಕೊಟ್ಟರು. ತೊಳೆದು ತೊಳೆದು ಮೆತ್ತಗಾದ ಹತ್ತಿ. ಎರಡು ಕಿಟಕಿಯ ಪರದೆ ಆಯಿತು, ಒಂದು ದಿಂಬಿನ ಕವರ್. ಸಣ್ಣ ಚೌಕುಳಿಯ ಆ ಹತ್ತಿ ಮುರಕಲ್ಲಿನ ಹತ್ತಿರ ಗಾಳಿಗೆ ಅಲ್ಲಾಡುವಾಗ ಕಲ್ಲು ಇನ್ನೂ ಗಟ್ಟಿ, ಬಟ್ಟೆ ಇನ್ನೂ ಮೆತ್ತಗೆ ಕಾಣುತ್ತದೆ. ದುಡ್ಡು ಕೊಟ್ಟು ತಂದ ಯಾವುದೂ ಆ ಜಾಗಕ್ಕೆ ಇಷ್ಟು ಹೊಂದಲಿಲ್ಲ.

ಹಿತ್ತಾಳೆ ಪಟ್ಟಿ ಉಪ್ಪುಗಾಳಿಗೆ ಕಪ್ಪಾಗುತ್ತಾ ಬಂದಿದೆ. ಅಮ್ಮನಿಗೆ ಅದು ಹೊಳೆಯಬೇಕು. ಶುಕ್ರವಾರ ದೇವರ ದೀಪ ತೊಳೆದು ಉಳಿದ ಹುಣಸೆಹುಳಿಯಿಂದ ಅದನ್ನೂ ಉಜ್ಜುತ್ತಾರೆ. ನನಗೆ ಕಪ್ಪೇ ಇಷ್ಟ. ಆದರೂ ನಾನು ಏನೂ ಹೇಳುವುದಿಲ್ಲ.

ಅಟ್ಟದ ಮೆಟ್ಟಿಲಿನ ಕೈಹಿಡಿ ಇನ್ನೂ ಬಾಕಿ ಇದೆ. ಆಚಾರ್ರು ಎರಡು ತುಂಡು ಮಾಡಿಕೊಟ್ಟಿದ್ದಾರೆ. ಒಂದು ಬರೇ ಹಲಸು, ದುಂಡಗೆ ತೀಡಿದ್ದು. ಇನ್ನೊಂದು ಹಲಸಿನ ಮೇಲೆ ಬೆತ್ತ ಸುತ್ತಿದ್ದು. ಎರಡನ್ನೂ ಬೆಂಚಿನ ತುದಿಯಲ್ಲಿ ಇಟ್ಟಿದ್ದೇವೆ, ಈ ಮಳೆಗಾಲ ಮುಗಿಯುವವರೆಗೆ ಅಲ್ಲೇ ಇರುತ್ತವೆ. ಅಮ್ಮ ಈಗ ಹಗಲೆಲ್ಲ ಚಾವಡಿಯಲ್ಲೇ ಇರುತ್ತಾರೆ, ಹೋಗುವಾಗ ಬರುವಾಗ ಎರಡನ್ನೂ ಒಮ್ಮೆ ಹಿಡಿದು ನೋಡುತ್ತಾರೆ. ಮೊನ್ನೆ ಬೆತ್ತದ್ದನ್ನು ಸ್ವಲ್ಪ ಜಾಸ್ತಿ ಹೊತ್ತು ಹಿಡಿದಿದ್ದರು.